ಹಳೆಯ ವ್ಯಾನ್ ಕೊಳ್ಳುವ ಮುನ್ನ

ಬಿತ್ತನೆ ಬೀಜವನ್ನು ಪರೀಕ್ಷಿಸದೆ ಕೊಳ್ಳದ ರೈತರೂ ಹಳೆಯ ವ್ಯಾನನ್ನು ಹೊಸ ಬಣ್ಣ ನೋಡಿ ಕೊಳ್ಳುವುದುಂಟು. ತೆಂಗಿನ ತೋಟದ ಒಂದು ವರ್ಷದ ಆದಾಯ ಹೀಗೆ ಪೋಲಾಗಬಾರದು.

ಬಾಣಾವರದ ಸುತ್ತಿನ ಕುಟುಂಬಕ್ಕೆ ದಿನನಿತ್ಯ ಅರಸೀಕೆರೆಗೆ ಓಡಾಡಲು, ಬಿಡುವಿನಲ್ಲಿ ಬೇಲೂರು, ಹಳೇಬೀಡಿಗೆ ಹೋಗಿಬರಲು ಸಣ್ಣ ವ್ಯಾನ್ ಅನುಕೂಲ. 796 ಸಿ.ಸಿ.ಯ ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. 2010ರಲ್ಲಿ ಬಂದ ಈಕೋ ಅದಕ್ಕಿಂತ ಶಕ್ತಿಯುತ.

ಕೊಳ್ಳುವಾಗ ಈ ಅಂಶಗಳನ್ನು ಗಮನಿಸಿರಿ:

1. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.

2. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿರಿ.

3. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಆರ್.ಸಿ.ಯೊಡನೆ ತಾಳೆ ನೋಡಿರಿ. ಸಾಲದ ನಮೂದಿದ್ದರೆ ಅದು ರದ್ದಾದ ಮೇಲೆಯೇ ಪೂರ್ತಿ ಹಣ ಕೊಡಿರಿ.

4. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ತಪಾಸಣೆ ಮಾಡಿಸಿ ನವೀಕರಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

5. ಗ್ಯಾಸ್ ಕಿಟ್ ಆರ್.ಸಿ.ಯಲ್ಲಿ ನಮೂದಾಗಿರಬೇಕು. ಅಡುಗೆ ಸಿಲಿಂಡರ್ ಜೋಡಿಸಿದ ವ್ಯಾನ್ ಬೇಡವೇ ಬೇಡ.

ಈ ವ್ಯಾನುಗಳ ಎಂಜಿನ್ ಮುಂದಿನ ಆಸನದ ಕೆಳಗಿರುತ್ತದೆ. ಡಿಕ್ಕಿಯಾದರೆ ಪೆಟ್ಟು ಬೇಗ ಕಾಲಿಗೆ ತಾಗುತ್ತದೆ. ಆದ್ದರಿಂದ ಮಕ್ಕಳನ್ನು ಹಿಂದೆ ಕೂರಿಸಿ, ಮಿತವಾದ ವೇಗದಲ್ಲಿ ಓಡಿಸಿರಿ.