ಸತ್ತ ವೈರಸ್ಸೂ ದೇಹದ ಸೈರನ್ನೂ

"ಸತ್ತ ವೈರಸ್ ಚುಚ್ಚಿದ್ರೆ ಏನೋ ಆಗತ್ತೆ?" 2021ರಲ್ಲಿ ಕೊವ್ಯಾಕ್ಸಿನ್ ಹಾಕಿಸಿಕೊಳ್ಳುವಾಗ ಚಾಮರಾಜಪೇಟೆಯ ನಮ್ಮಜ್ಜಿ ಕೇಳಿದ್ದು. ಒಳ್ಳೇ ಪ್ರಶ್ನೆನೇ.

1898ರ ಪ್ಲೇಗಿಗೆ ಹೆದರಿ ಜನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಕಡೆ ಬಂದ ಕಾಲದ ಹಾಫ್‌ಕಿನ್ ಲಸಿಕೆಯಲ್ಲೂ ಇದ್ದದ್ದು ಸತ್ತ ಬ್ಯಾಕ್ಟೀರಿಯಾ. ಅದರ ಚೂರುಗಳೇ ದೇಹವನ್ನು ಎಚ್ಚರಿಸುತ್ತಿದ್ದವು, ಜ್ವರವೂ ಜೋರು. ಶುದ್ಧ ಮಾಡಿದ ಸತ್ತ ವೈರಸ್ ಅಷ್ಟು ಗಲಾಟೆ ಮಾಡೋಲ್ಲ.

ಅದಕ್ಕೇ ಕೊವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಜೆಲ್‌ಗೆ ಇಮಿಡಜೋಕ್ವಿನೊಲಿನ್ ಜಾತಿಯ ಅಣು ಅಂಟಿಸಿದ್ದಾರೆ. (ಹೆಸರು ನನಗೂ ಬಾಯಿಗೆ ಹತ್ತಲಿಲ್ಲ!) ಅದು ರೋಗನಿರೋಧಕ ಕೋಶಗಳ ಒಳಗೆ ವೈರಸ್ಸಿನ ಆರ್‌ಎನ್‌ಎಗಾಗಿ ಕಾದಿರುವ ಟಿಎಲ್‌ಆರ್ 7, 8 ಗ್ರಾಹಕಗಳನ್ನು ತಟ್ಟುತ್ತದೆ. ಕೋಶಗಳು ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-12ರಂಥ ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳನ್ನು, ಅಂದರೆ ಸೈಟೊಕೈನ್‌ಗಳನ್ನು, ಬಿಡುತ್ತವೆ. ಆಗ ಪ್ರತಿಕಾಯಗಳಷ್ಟೇ ಅಲ್ಲ, ಟಿ-ಕೋಶಗಳೂ ಏಳುತ್ತವೆ.

ಸೈಟೊಕೈನನ್ನೇ ಚುಚ್ಚಬಾರದಾ? ಪ್ರಯೋಗಗಳಾಗಿವೆ. ಆದರೆ ಅವು ಬೇಗ ಕರಗಿಹೋಗುತ್ತವೆ, ಹೆಚ್ಚಾದರೆ ಮೈಯೆಲ್ಲ ಉರಿಯೂತ. ಜೆಲ್‌ಗೆ ಅಂಟಿದ ಅಣುವಿನ ಗಲಾಟೆ ಬಹುಪಾಲು ತೋಳಿನ ಸುತ್ತಮುತ್ತಲೇ.

ಅಜ್ಜಿಗೆ ಎರಡು ದಿನ ತೋಳು ನೋವಿತ್ತು.