ಹಿಮದ ನಿರೀಕ್ಷೆಯಲ್ಲಿ ಇಂಗ್ಲೆಂಡಿನ ಹವಾಮಾನಾಸಕ್ತರು

ಕ್ರಿಸ್ಮಸ್ ಶುಭಾಶಯ ಪತ್ರಗಳನ್ನು ಕಂಡವರಿಗೆ ಇಂಗ್ಲೆಂಡ್ ಎಂದರೆ ಹಿಮದ ನಾಡು ಎಂದೇ ತೋರುತ್ತದೆ. ಬೆಳ್ಳಗೆ ಹೊದ್ದು ಮಲಗಿದ ಮನೆಗಳ ಮಾಡುಗಳು, ಹಿಮದ ಭಾರಕ್ಕೆ ಬಾಗಿದ ಮರಗಳು, ನಡುವೆ ಒಂದು ಹಳೆಯ ಇಗರ್ಜಿ. ಆದರೆ ಅಲ್ಲಿ ನೆಲೆಸಿರುವ ನಮ್ಮ ಮಕ್ಕಳನ್ನೋ ಬಂಧುಗಳನ್ನೋ ಕೇಳಿದರೆ ಬರುವ ಉತ್ತರವೇ ಬೇರೆ. ಡಿಸೆಂಬರಿನ ಲಂಡನ್ನಿನಲ್ಲಿ ಕಾಣುವುದು ಬಹುಮಟ್ಟಿಗೆ ಕವಿದ ಮೋಡ, ಜಿನುಗುವ ಮಳೆ, ಮಧ್ಯಾಹ್ನ ನಾಲ್ಕಕ್ಕೇ ಇಳಿಯುವ ಕತ್ತಲೆ. ಚಳಿಗಾಲದಲ್ಲಿ ಮಗಳ ಮನೆಗೆ ಹೋಗಿಬರುವ ತಂದೆತಾಯಿಗಳಿಗೆ ಹಿಮದ ಬೂಟುಗಳಿಗಿಂತ ಕೊಡೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಿಮ ಅಪರೂಪವಾದ ಈ ನಾಡಿನಲ್ಲಿಯೇ ಹಿಮಕ್ಕಾಗಿ ವರ್ಷವಿಡೀ ಕಾಯುವ ಒಂದು ವರ್ಗವಿದೆ. ಇವರಲ್ಲಿ ಶಾಲಾ ಶಿಕ್ಷಕರು, ಗುಮಾಸ್ತರು, ನಿವೃತ್ತರು, ವಿದ್ಯಾರ್ಥಿಗಳು ಎಲ್ಲರೂ ಉಂಟು. ಹಿತ್ತಿಲಲ್ಲಿ ಉಷ್ಣಮಾಪಕವನ್ನೂ ಮಳೆಮಾಪಕವನ್ನೂ ಇರಿಸಿಕೊಂಡು ದಿನವೂ ಲೆಕ್ಕ ಬರೆಯುವ ಹವ್ಯಾಸಿಗಳು ಇವರು. ಇಂತಹವರು ತಮ್ಮ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳಲೆಂದು 1970ರಲ್ಲಿ ಹುಟ್ಟಿದ ಕ್ಲೈಮಟಾಲಾಜಿಕಲ್ ಅಬ್ಸರ್ವರ್ಸ್ ಲಿಂಕ್ ಎಂಬ ಸಂಘವೂ ಅಲ್ಲಿದೆ. ನವೆಂಬರ್ ಬಂತೆಂದರೆ ಇವರಲ್ಲಿ ಅನೇಕರ ಮನಸ್ಸು ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತದೆ: ಈ ಸಲವಾದರೂ ನಿಜವಾದ ಚಳಿಗಾಲ ಬಂದೀತೇ?

ಉತ್ತರದಲ್ಲಿದ್ದರೂ ಚಳಿ ಏಕಿಲ್ಲ?

ಭೂಪಟವನ್ನು ನೋಡಿದರೆ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಲಂಡನ್ ಇರುವುದು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಹುಮಟ್ಟಿಗೆ ಇದೇ ಅಕ್ಷಾಂಶದಲ್ಲಿರುವ ಸೈಬೀರಿಯಾದ ಇರ್ಕುಟ್ಸ್ಕ್ ನಗರದ ಜನವರಿ ಸರಾಸರಿ ತಾಪಮಾನ ಸೊನ್ನೆಗಿಂತ 15 ಡಿಗ್ರಿಗೂ ಕೆಳಗಿರುತ್ತದೆ. ಲಂಡನ್ನಿನ ಜನವರಿ ಸರಾಸರಿಯೋ ಸೊನ್ನೆಗಿಂತ ಐದಾರು ಡಿಗ್ರಿ ಮೇಲೆ.

ಈ ಅಂತರಕ್ಕೆ ಕಾರಣ ಅಟ್ಲಾಂಟಿಕ್ ಸಾಗರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಸಾಗರವು ಚಳಿಗಾಲದಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ದಕ್ಷಿಣದ ಬೆಚ್ಚಗಿನ ನೀರನ್ನು ಉತ್ತರಕ್ಕೆ ತರುವ ಗಲ್ಫ್ ಪ್ರವಾಹವೂ ಅದರ ಮುಂದುವರಿದ ಕವಲೂ ಈ ಶಾಖವನ್ನು ಹೆಚ್ಚಿಸುತ್ತವೆ. ಬ್ರಿಟನ್ನಿನ ಮೇಲೆ ಬೀಸುವ ಗಾಳಿ ಹೆಚ್ಚಿನ ದಿನಗಳಲ್ಲಿ ಪಶ್ಚಿಮದಿಂದ ಅಥವಾ ನೈಋತ್ಯದಿಂದ, ಅಂದರೆ ಇದೇ ಸಾಗರದ ಮೇಲಿನಿಂದ ಬರುತ್ತದೆ. ಹೀಗಾಗಿ ಆ ದ್ವೀಪಕ್ಕೆ ಚಳಿಗಾಲವೆಂಬುದು ಒದ್ದೆಯಾದ, ಮಂಕಾದ, ಆದರೆ ಅಷ್ಟೇನೂ ಕ್ರೂರವಲ್ಲದ ಋತು.

ಇದರಿಂದ ಒಂದು ಮುಖ್ಯವಾದ ತಥ್ಯ ತಿಳಿಯುತ್ತದೆ. ಇಂಗ್ಲೆಂಡಿನ ಚಳಿಗಾಲವನ್ನು ನಿರ್ಧರಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಗಾಳಿಯ ದಿಕ್ಕು. ಗಾಳಿ ಪಶ್ಚಿಮದಿಂದ ಬಂದರೆ ಮಳೆ. ಅದೇ ಗಾಳಿ ಪೂರ್ವಕ್ಕೆ ತಿರುಗಿ ರಷ್ಯಾದ ಬಯಲುಗಳಿಂದ ಬಂದರೆ ಕೊರೆಯುವ ಚಳಿ. ಆ ಒಣಗಾಳಿ ಉತ್ತರ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು ಪೂರ್ವ ಕರಾವಳಿಯ ಮೇಲೆ ಹಿಮವಾಗಿ ಸುರಿಸುತ್ತದೆ. ಗಾಳಿ ಹೀಗೆ ತಿರುಗಬೇಕಾದರೆ ಸ್ಕ್ಯಾಂಡಿನೇವಿಯಾದ ಮೇಲೋ ಗ್ರೀನ್‌ಲ್ಯಾಂಡಿನ ಮೇಲೋ ಅಧಿಕ ಒತ್ತಡದ ಪ್ರದೇಶವೊಂದು ಗಟ್ಟಿಯಾಗಿ ನೆಲೆನಿಂತು ಪಶ್ಚಿಮದ ಗಾಳಿಗೆ ಅಡ್ಡಗಟ್ಟಬೇಕು. ಹಿಮಪ್ರಿಯರು ಚಳಿಗಾಲವಿಡೀ ಹುಡುಕುವುದು ಈ ತಡೆಗೋಡೆಯನ್ನೇ.

ಒಂದು ಡಿಗ್ರಿಯ ಆಟ

ಗಾಳಿ ತಿರುಗಿದರೂ ಸಾಲದು. ಅಲ್ಲಿನ ಹವ್ಯಾಸಿಗಳು ಹಲವಾರು ಅಂಕಿಗಳನ್ನು ಒಟ್ಟಿಗೆ ಗಮನಿಸುತ್ತಾರೆ. ನೆಲದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ ಗಾಳಿಯ ತಾಪಮಾನ ಸೊನ್ನೆಗಿಂತ 5 ಡಿಗ್ರಿ ಕೆಳಗಿರಬೇಕೆಂಬುದು ಅವರ ಮೊದಲ ಸ್ಥೂಲ ನಿಯಮ. ನೆಲದ ಬಳಿಯ ಗಾಳಿಯ ತೇವ ಎಷ್ಟೆಂಬುದು ಎರಡನೆಯದು. ಗಾಳಿ ಒಣಗಿದ್ದರೆ ಬೀಳುವ ಹಿಮ ಸ್ವಲ್ಪ ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತದೆ; ಆಗ ಉಷ್ಣಮಾಪಕ 2 ಡಿಗ್ರಿ ತೋರಿಸುತ್ತಿದ್ದರೂ ಹಿಮ ಕರಗದೆ ನೆಲ ಮುಟ್ಟಬಹುದು. ಗಾಳಿ ತೇವದಿಂದ ತುಂಬಿದ್ದರೆ ಅದೇ 2 ಡಿಗ್ರಿಯಲ್ಲಿ ಸಿಗುವುದು ಬರಿಯ ಮಳೆ, ಹೆಚ್ಚೆಂದರೆ ಹಿಮ ಬೆರೆತ ಮಳೆ. ಮೂರನೆಯದು ಮಳೆಯ ಬಿರುಸು. ಜೋರಾಗಿ ಸುರಿದರೆ ಮೇಲಿನ ಹಿಮ ಕರಗುತ್ತ ಗಾಳಿಯ ಶಾಖವನ್ನು ಹೀರಿ, ನೋಡನೋಡುತ್ತಿದ್ದಂತೆ ಮಳೆಯೇ ಹಿಮವಾಗಿ ಮಾರ್ಪಡುವುದುಂಟು.

ಇಲ್ಲಿ ಒಂದು ಡಿಗ್ರಿಯೇ ಸೋಲು ಗೆಲುವುಗಳನ್ನು ತೀರ್ಮಾನಿಸುತ್ತದೆ. ಇರ್ಕುಟ್ಸ್ಕ್ ನಗರದವರಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದರೂ 17 ಡಿಗ್ರಿ ಕೆಳಗಿದ್ದರೂ ಅಂತಹ ವ್ಯತ್ಯಾಸವಿಲ್ಲ. ಇಂಗ್ಲೆಂಡಿನಲ್ಲಿ ಅದೇ ಒಂದು ಡಿಗ್ರಿ ಒಂದು ಊರಿನ ಶಾಲೆಗಳನ್ನು ಮುಚ್ಚಿಸುತ್ತದೆ, ಹತ್ತು ಮೈಲಿಯಾಚೆಯ ಊರನ್ನು ತೋಯಿಸಿ ಬಿಡುತ್ತದೆ. ಆದ್ದರಿಂದಲೇ ಹವ್ಯಾಸಿಗಳು ರಾತ್ರಿ ಕಿಟಕಿಯ ಪರದೆ ಸರಿಸಿ ಬೀದಿದೀಪದ ಬೆಳಕಿನತ್ತ ಮತ್ತೆ ಮತ್ತೆ ನೋಡುತ್ತಾರೆ. ಆ ಬೆಳಕಿನಲ್ಲಿ ಹನಿಗಳು ನೇರವಾಗಿ ಬೀಳುತ್ತಿವೆಯೋ ಅಥವಾ ತೇಲುತ್ತ ಇಳಿಯುತ್ತಿವೆಯೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ನಿರೀಕ್ಷೆಯ ಗಣಿತ

ಹಿಂದೆ ಇವರಿಗೆ ಆಧಾರವಾಗಿದ್ದುದು ವಾಯುಭಾರಮಾಪಕ ಮತ್ತು ರೇಡಿಯೋ ಮುನ್ಸೂಚನೆ. ಇಂದು ಗಣಕಯಂತ್ರಗಳು ಸಿದ್ಧಪಡಿಸುವ ನಕ್ಷೆಗಳು ಎಲ್ಲರಿಗೂ ಲಭ್ಯ. ಅಮೆರಿಕದ ಹವಾಮಾನ ಇಲಾಖೆಯ ಜಾಗತಿಕ ಮಾದರಿ ದಿನಕ್ಕೆ ನಾಲ್ಕು ಬಾರಿ ಹದಿನಾರು ದಿನಗಳ ಮುಂದಿನವರೆಗಿನ ಲೆಕ್ಕವನ್ನು ಕೊಡುತ್ತದೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಕೇಂದ್ರ ಕಚೇರಿಯಿರುವ ಯುರೋಪಿಯನ್ ಮುನ್ಸೂಚನಾ ಕೇಂದ್ರದ ನಕ್ಷೆಗಳು ಇನ್ನೊಂದು ಮುಖ್ಯ ಆಧಾರ.

ಆದರೆ ಹದಿನಾಲ್ಕನೆಯ ದಿನ ಹಿಮಪಾತವೆಂದು ನಕ್ಷೆಯಲ್ಲಿ ಕಂಡ ಮಾತ್ರಕ್ಕೆ ಅದು ಬಂದೇ ಬರುತ್ತದೆಂದಲ್ಲ. ಆರಂಭದ ಅಳತೆಯಲ್ಲಿನ ಅತಿ ಸಣ್ಣ ವ್ಯತ್ಯಾಸವೂ ಕೆಲವೇ ದಿನಗಳಲ್ಲಿ ಬೃಹತ್ತಾಗಿ ಬೆಳೆಯುತ್ತದೆ ಎಂಬುದನ್ನು ಎಡ್ವರ್ಡ್ ಲೊರೆಂಜ್ 1963ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಒಂದೇ ಲೆಕ್ಕವನ್ನು ನಂಬದೆ, ಆರಂಭವನ್ನು ತುಸು ತುಸು ಬದಲಿಸಿ ಹತ್ತಾರು ಬಾರಿ ಲೆಕ್ಕ ಹಾಕುವ ಪದ್ಧತಿ ಬಂದಿದೆ. ಐವತ್ತು ಲೆಕ್ಕಗಳಲ್ಲಿ ನಲವತ್ತು ಪೂರ್ವದ ಗಾಳಿಯನ್ನು ತೋರಿಸಿದರೆ ಆಸೆಪಡಬಹುದು. ಐದು ಮಾತ್ರ ತೋರಿಸಿದರೆ ಮನಸ್ಸನ್ನು ಬಿಗಿಹಿಡಿಯಬೇಕು. ಹಿಮದ ಹುಚ್ಚಿನಿಂದ ಆರಂಭಿಸಿದವರು ಹೀಗೆ ತಮಗರಿವಿಲ್ಲದೆಯೇ ಸಂಭಾವ್ಯತೆಯ ಗಣಿತವನ್ನು ಕಲಿತುಬಿಡುತ್ತಾರೆ.

ಭಾರತದಲ್ಲಿ ದೊರೆತ ಕೀಲಿಕೈ

ಈ ಹಿಮಪ್ರಿಯರು ಪ್ರತಿದಿನವೂ ಬಳಸುವ ಒಂದು ಸೂಚ್ಯಂಕಕ್ಕೂ ನಮ್ಮ ಮುಂಗಾರಿಗೂ ಇರುವ ಸಂಬಂಧ ಹಲವರಿಗೆ ತಿಳಿಯದು. ಐಸ್‌ಲ್ಯಾಂಡ್ ಬಳಿಯ ಕಡಿಮೆ ಒತ್ತಡಕ್ಕೂ ಅಝೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡಕ್ಕೂ ನಡುವಣ ಅಂತರವನ್ನು ಅದು ಅಳೆಯುತ್ತದೆ. ಅಂತರ ಹೆಚ್ಚಿದ್ದರೆ ಪಶ್ಚಿಮದ ಗಾಳಿ ಬಲವಾಗಿ ಬೀಸಿ ಬ್ರಿಟನ್ ಬೆಚ್ಚಗಿರುತ್ತದೆ. ಅಂತರ ಕುಗ್ಗಿದರೆ ಚಳಿಗೆ ದಾರಿ ತೆರೆಯುತ್ತದೆ. ಇದಕ್ಕೆ ಉತ್ತರ ಅಟ್ಲಾಂಟಿಕ್ ಆಂದೋಲನವೆಂದು ಹೆಸರು.

ಈ ಹೆಸರನ್ನಿಟ್ಟವರು ಸರ್ ಗಿಲ್ಬರ್ಟ್ ವಾಕರ್. ಅವರು 1904ರಿಂದ 1924ರವರೆಗೆ ಭಾರತದ ವೇಧಶಾಲೆಗಳ ಮಹಾನಿರ್ದೇಶಕರಾಗಿದ್ದರು. ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರ ಗಣಿತವನ್ನು 1913ರಲ್ಲಿ ನೋಡಿ, ಅವರಿಗೆ ನೆರವಾಗುವಂತೆ ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದ ವಾಕರ್ ಇವರೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭೀಕರ ಕ್ಷಾಮಗಳ ನೆನಪು ಹಸಿಯಾಗಿದ್ದ ಕಾಲವದು. ಮುಂಗಾರು ಯಾವ ವರ್ಷ ಕೈಕೊಡುತ್ತದೆಂದು ಮುಂಚಿತವಾಗಿ ತಿಳಿಯುವುದು ಅವರ ಗುರಿ. ಅದಕ್ಕಾಗಿ ಜಗತ್ತಿನ ನಾನಾ ಕಡೆಗಳ ಒತ್ತಡ, ಮಳೆ, ತಾಪಮಾನಗಳ ಅಂಕಿಗಳನ್ನು ಭಾರತೀಯ ಗುಮಾಸ್ತರ ನೆರವಿನಿಂದ ಕೈಯಲ್ಲೇ ತಾಳೆಹಾಕಿದರು. ಆ ಶ್ರಮದಿಂದ ಮೂರು ಮಹಾ ಆಂದೋಲನಗಳು ಗೋಚರಿಸಿದವು. ಒಂದು ದಕ್ಷಿಣದ ಆಂದೋಲನ. ಎಲ್ ನಿನೋ ಜೊತೆಗೆ ಅದರ ಹೆಸರನ್ನು ನಾವು ಇಂದಿಗೂ ಕೇಳುತ್ತೇವೆ. ಉಳಿದೆರಡು ಉತ್ತರ ಪೆಸಿಫಿಕ್ ಮತ್ತು ಉತ್ತರ ಅಟ್ಲಾಂಟಿಕ್ ಸಾಗರಗಳವು. ಭಾರತದ ಮಳೆಯನ್ನು ಹುಡುಕಹೊರಟವರಿಗೆ ಇಂಗ್ಲೆಂಡಿನ ಹಿಮದ ಕೀಲಿಕೈ ಸಿಕ್ಕಿತು.

ಆಕಾಶದ ಮೇಲಂತಸ್ತು

ಇತ್ತೀಚಿನ ದಶಕಗಳಲ್ಲಿ ಹವ್ಯಾಸಿಗಳ ದೃಷ್ಟಿ ಇನ್ನೂ ಮೇಲಕ್ಕೆ ಹೋಗಿದೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಅತಿ ಶೀತಲವಾದ ಗಾಳಿಯ ಸುಳಿಯೊಂದು ಗಿರಗಿರನೆ ತಿರುಗುತ್ತಿರುತ್ತದೆ. ಕೆಲವು ವರ್ಷ ಆ ಎತ್ತರದ ತಾಪಮಾನ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಏರಿ ಸುಳಿಯು ಒಡೆದುಹೋಗುತ್ತದೆ. ಈ ವಿದ್ಯಮಾನವನ್ನು 1952ರಲ್ಲಿ ಬರ್ಲಿನ್ನಿನಲ್ಲಿ ಮೊದಲು ಗುರುತಿಸಿದವರು ರಿಚರ್ಡ್ ಶೆರ್ಹಾಗ್. ಸುಳಿ ಒಡೆದ ಎರಡು ಮೂರು ವಾರಗಳಲ್ಲಿ ಪಶ್ಚಿಮದ ಗಾಳಿ ದುರ್ಬಲವಾಗಿ ಯುರೋಪಿಗೆ ಚಳಿ ಬರುವ ಸಾಧ್ಯತೆ ಹೆಚ್ಚುತ್ತದೆ.

2018ರ ಫೆಬ್ರವರಿ ಮಧ್ಯದಲ್ಲಿ ಹೀಗೆಯೇ ಆಯಿತು. ತಿಂಗಳ ಕೊನೆಗೆ ಪತ್ರಿಕೆಗಳು 'ಪೂರ್ವದ ಮೃಗ' ಎಂದು ಕರೆದ ಗಾಳಿ ಬೀಸಿ, ಬ್ರಿಟನ್ ಹಿಮದಲ್ಲಿ ಹೂತುಹೋಯಿತು. 2019ರ ಜನವರಿಯ ಆರಂಭದಲ್ಲಿ ಸುಳಿ ಮತ್ತೆ ಒಡೆಯಿತು. ಹಿಮಪ್ರಿಯರು ಸಡಗರದಿಂದ ಕಾದರು. ಆದರೆ ಅದೇ ಫೆಬ್ರವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ 21.2 ಡಿಗ್ರಿ ದಾಖಲಾಯಿತು. ಬ್ರಿಟನ್ನಿನ ಚಳಿಗಾಲದಲ್ಲಿ ಅಲ್ಲಿಯವರೆಗೆ ಅಷ್ಟು ಸೆಖೆ ಕಂಡಿದ್ದೇ ಇಲ್ಲ. ಸಾಧ್ಯತೆ ಬೇರೆ, ಖಾತರಿ ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನೆನಪಿನಲ್ಲಿ ಉಳಿದ ಚಳಿಗಾಲಗಳು

ಮಧ್ಯ ಇಂಗ್ಲೆಂಡಿನ ತಿಂಗಳವಾರು ತಾಪಮಾನದ ದಾಖಲೆ 1659ರಿಂದ ಇದೆ. ಉಪಕರಣಗಳಿಂದ ಅಳೆದ ಇಷ್ಟು ದೀರ್ಘವಾದ ಸರಣಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಅದರಲ್ಲಿ ಅತ್ಯಂತ ಚಳಿಯ ಚಳಿಗಾಲ 1683-84ರದು. ಆಗ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಅಂಗಡಿಗಳ ಸಾಲು ಎದ್ದು ಜಾತ್ರೆಯೇ ನೆರೆದಿತ್ತು. ಅಂತಹ ಕೊನೆಯ ಜಾತ್ರೆ 1814ರಲ್ಲಿ ನಡೆಯಿತು. ನೀರಿನ ಹರಿವನ್ನು ತಡೆಯುತ್ತಿದ್ದ ಹಳೆಯ ಲಂಡನ್ ಸೇತುವೆಯನ್ನು 1831ರ ನಂತರ ಕೆಡವಿದ ಮೇಲೆ ನದಿ ಹಾಗೆ ಹೆಪ್ಪುಗಟ್ಟುವುದು ನಿಂತಿತು. ಕ್ರಿಸ್ಮಸ್ ಎಂದರೆ ಹಿಮ ಎಂಬ ಕಲ್ಪನೆಯನ್ನು ಗಟ್ಟಿಗೊಳಿಸಿದ ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಅವರ ಬಾಲ್ಯದ ಮೊದಲ ವರ್ಷಗಳು ಅಸಾಧಾರಣ ಚಳಿಯವು. ಶುಭಾಶಯ ಪತ್ರಗಳ ಹಿಮ ಅಲ್ಲಿಂದ ಕರಗದೆ ಉಳಿದುಕೊಂಡಿದೆ.

ಇಂದಿನ ಹಿರಿಯರು ನೆನೆಯುವುದು 1962-63ನ್ನು. 1962ರ ಡಿಸೆಂಬರ್ 26ರ ಸುಮಾರಿಗೆ ಬಿದ್ದ ಹಿಮ ಅನೇಕ ಕಡೆ ಮಾರ್ಚ್ ಮೊದಲ ವಾರದವರೆಗೂ ನೆಲ ಬಿಡಲಿಲ್ಲ. ಕಿರಿಯರು ನೆನೆಯುವುದು 2010ರ ಡಿಸೆಂಬರನ್ನು; ಆ ತಿಂಗಳ ಸರಾಸರಿ ಮಧ್ಯ ಇಂಗ್ಲೆಂಡಿನಲ್ಲಿ ಸೊನ್ನೆಗಿಂತ ಕೆಳಗಿಳಿದಿತ್ತು. ಐದೇ ವರ್ಷಗಳ ನಂತರ, 2015ರ ಡಿಸೆಂಬರಿನಲ್ಲಿ, ಅದೇ ಸರಾಸರಿ 9 ಡಿಗ್ರಿ ದಾಟಿತು.

ಆಸೆಯ ಇನ್ನೊಂದು ಮುಖ

ಹಿಮವನ್ನು ಬಯಸುವವರ ಆಸೆಗೆ ಬೆಲೆ ತೆರುವವರೂ ಇದ್ದಾರೆ. 1947ರ ಚಳಿಯಲ್ಲಿ ಕಲ್ಲಿದ್ದಲು ಸಾಗಿಸಲಾಗದೆ ಕಾರ್ಖಾನೆಗಳು ನಿಂತವು, ಮನೆಗಳು ಕತ್ತಲಾದವು, ಲಕ್ಷಾಂತರ ಕುರಿಗಳು ಸತ್ತವು. ಹಿಮ ಕರಗಿದಾಗ ಪ್ರವಾಹವೂ ಬಂತು. ಇಂದಿಗೂ ಕಡುಚಳಿಯಲ್ಲಿ ಮನೆ ಬೆಚ್ಚಗಿಡಲಾಗದ ವೃದ್ಧರ ಪಾಡು ಅಲ್ಲಿನ ದೊಡ್ಡ ಸಮಸ್ಯೆ. ಏಳು ದಿನ ಸತತವಾಗಿ ಸರಾಸರಿ ತಾಪಮಾನ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಬಡ ಕುಟುಂಬಗಳಿಗೆ 25 ಪೌಂಡ್ ನೆರವು ನೀಡುವ ಏರ್ಪಾಡು ಇಂಗ್ಲೆಂಡಿನಲ್ಲಿ ಇರುವುದು ಇದಕ್ಕಾಗಿಯೇ. ವಿವೇಕವುಳ್ಳ ಹವ್ಯಾಸಿಗಳು ಇದನ್ನು ಬಲ್ಲರು. ತಮ್ಮ ಆಸೆಯಿಂದ ಆಕಾಶ ಬದಲಾಗದೆಂಬುದನ್ನೂ ಬಲ್ಲರು.

ಆಕಾಶವನ್ನು ಬದಲಿಸುತ್ತಿರುವುದು ಬೇರೊಂದು. ಬ್ರಿಟನ್ನಿನ ಸರಾಸರಿ ತಾಪಮಾನ ಈಗ 1961-90ರ ಸರಾಸರಿಗಿಂತ 1 ಡಿಗ್ರಿಗೂ ಹೆಚ್ಚಾಗಿದೆ. ಇಬ್ಬನಿ ಹೆಪ್ಪುಗಟ್ಟುವ ದಿನಗಳು ಕಡಿಮೆಯಾಗಿವೆ. ಒಂದು ಡಿಗ್ರಿ ಎಂದರೆ ಮೇಲ್ನೋಟಕ್ಕೆ ಅತ್ಯಲ್ಪ. ಆದರೆ ಮಳೆಗೂ ಹಿಮಕ್ಕೂ ನಡುವೆ ಇರುವ ಗೆರೆಯೇ ಒಂದು ಡಿಗ್ರಿಯಷ್ಟು ತೆಳುವಾಗಿರುವ ನಾಡಿನಲ್ಲಿ ಅದು ಅಲ್ಪವಲ್ಲ. ಐವತ್ತು ವರ್ಷಗಳ ಹಿಂದೆ ಹಿಮವಾಗುತ್ತಿದ್ದ ಎಷ್ಟೋ ಮೋಡಗಳು ಇಂದು ಮಳೆಯಾಗಿ ಮುಗಿದುಹೋಗುತ್ತಿವೆ. ಕಡುಚಳಿಯ ದಿನಗಳು ಮುಂದೆಯೂ ಬರಬಹುದು. ಅವುಗಳ ಸಂಖ್ಯೆ ಮಾತ್ರ ಇಳಿಮುಖವಾಗಿದೆ. ಹಿತ್ತಿಲ ಉಷ್ಣಮಾಪಕದ ಮುಂದೆ ನಿಂತು ದಶಕಗಳ ಕಾಲ ಲೆಕ್ಕ ಬರೆದವರು ಈ ಬದಲಾವಣೆಯನ್ನು ಯಾರ ಭಾಷಣವೂ ಇಲ್ಲದೆ ತಮ್ಮ ಪುಸ್ತಕದಲ್ಲಿಯೇ ಕಂಡಿದ್ದಾರೆ.

ಮೇ ತಿಂಗಳ ಕೊನೆಯಲ್ಲಿ ಕೇರಳದ ಕರಾವಳಿಯ ಸುದ್ದಿಗಾಗಿ ಕಿವಿಗೊಡುವ ನಮಗೆ ಈ ಕಾಯುವಿಕೆ ಅಪರಿಚಿತವೇನಲ್ಲ. ನಾವು ಕಾಯುವುದು ಅನ್ನಕ್ಕಾಗಿ, ಅವರು ಕಾಯುವುದು ಅಂದಕ್ಕಾಗಿ ಎಂಬ ವ್ಯತ್ಯಾಸ ದೊಡ್ಡದೇ ಸರಿ. ಆದರೂ ಕಾಯುವವರು ಮಾತ್ರ ಆಕಾಶವನ್ನು ಗಮನವಿಟ್ಟು ನೋಡುತ್ತಾರೆ ಎಂಬ ಮಾತು ಎರಡೂ ಕಡೆಗೆ ಸಲ್ಲುತ್ತದೆ. ಮುಂದಿನ ಸಲ ಲಂಡನ್ನಿನಿಂದ ಮೊಮ್ಮಕ್ಕಳು ದೂರವಾಣಿಯಲ್ಲಿ "ಅಜ್ಜಿ, ಇಲ್ಲಿ ಹಿಮ ಬೀಳ್ತಾ ಇದೆ!" ಎಂದು ಕೂಗಿದರೆ, ಆ ಮಾತಿನ ಹಿಂದೆ ಎಷ್ಟು ಗಾಳಿಗಳು ಸರಿಯಾಗಿ ತಿರುಗಬೇಕಾಯಿತೆಂಬುದನ್ನು ನೆನೆಯೋಣ.