ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ನೋವಿನ ಗುಳಿಗೆ: ನಂಬಿಕೆ ಯಾವುದು, ನಿಜ ಯಾವುದು

ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ಕಾಡುವ ನೋವು ಬಹುಪಾಲು ಹೃದಯದ್ದಲ್ಲ, ಎದೆಗೂಡಿನದು. ಸೀಳಿ ತಂತಿಯಿಂದ ಬಿಗಿದ ಎದೆಮೂಳೆ, ರಕ್ತ ಬಸಿಯಲು ನಳಿಗೆ ಇಟ್ಟ ಜಾಗ, ಬೈಪಾಸಿಗಾಗಿ ರಕ್ತನಾಳ ತೆಗೆದ ಕಾಲು ನೋಯುತ್ತವೆ. ಮೊದಲ ಎರಡು ದಿನ ಜಾಸ್ತಿ.

ಈ ನೋವಿನ ಬಗ್ಗೆ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ಪುಕ್ಕಟೆ ಸಲಹೆಗಳಿಗೇನೂ ಕೊರತೆಯಿಲ್ಲ.

ನಂಬಿಕೆ: ಮೊದಲೇ ಔಷಧ ಕೊಟ್ಟರೆ ಆಮೇಲೆ ನೋವೇ ಇರದು.

ಸತ್ಯ: ಈ ಆಸೆಗೆ ಆಧಾರವಿಲ್ಲದಿಲ್ಲ. ಅರಿವಳಿಕೆಯಲ್ಲಿ ರೋಗಿಗೆ ಎಚ್ಚರವಿಲ್ಲದಿದ್ದರೂ ಗಾಯದ ಸಂಕೇತಗಳು ಬೆನ್ನುಹುರಿಯನ್ನು ಮುಟ್ಟುತ್ತಲೇ ಇರುತ್ತವೆ. ಅದರಿಂದ ಅಲ್ಲಿನ ನರಕೋಶಗಳು ಕೆರಳಿ, ಆಮೇಲೆ ಸಣ್ಣ ನೋವನ್ನೂ ದೊಡ್ಡದಾಗಿಸುತ್ತವೆಂದು ವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಕೆರಳುವ ಮುನ್ನವೇ ತಡೆದರೆ ಹೇಗೆ ಎಂಬ ಯೋಚನೆ ಹುಟ್ಟಿತು. ಆದರೆ ಹಲವು ಬಗೆಯ ಶಸ್ತ್ರಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2002ರ ವಿಮರ್ಶೆಯಲ್ಲಿ, ಅದೇ ಔಷಧವನ್ನು ಕೊಯ್ಯುವ ಮುನ್ನ ಕೊಟ್ಟರೂ ನಂತರ ಕೊಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮುಂಚೆ ಕೊಡುವ ಒಂದು ಗುಳಿಗೆಗಿಂತ, ಮುಂಚೆ, ನಡುವೆ ಮತ್ತು ನಂತರ ಬಿಡದೆ ನಡೆಯುವ ಉಪಚಾರವೇ ಮುಖ್ಯ. ಪ್ಯಾರಾಸಿಟಮಾಲ್, ಎದೆಯ ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು, ಬೇಕಾದಷ್ಟೇ ಅಫೀಮು ಜಾತಿಯ ಔಷಧ ಇವನ್ನು ಕೂಡಿಸಿ ಬಳಸುತ್ತಾರೆ. ಕೆಲವೆಡೆ ಮೊದಲೇ ಪ್ರಿಗ್ಯಾಬಲಿನ್ ಕೊಡುವುದುಂಟು. ಅದು ವಯಸ್ಸಾದವರಿಗೆ ಮಂಪರು ತರಬಹುದು, ಅಫೀಮು ಜಾತಿಯ ಔಷಧದ ಜೊತೆ ಸೇರಿದರೆ ಉಸಿರಾಟವನ್ನೂ ಕುಗ್ಗಿಸಬಹುದು.

ನಂಬಿಕೆ: ನೋವಿನ ಗುಳಿಗೆ ಯಾವುದಾದರೇನು, ಅಂಗಡಿಯಲ್ಲಿ ಸಿಕ್ಕಿದ್ದು ಸಾಕು.

ಸತ್ಯ: ಇದು ಎಲ್ಲಕ್ಕಿಂತ ಅಪಾಯಕಾರಿ. ಮೊಣಕಾಲು ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತವೆ. ಬೈಪಾಸ್ ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ನೋವಿಗೆ ಈ ಜಾತಿಯ ಔಷಧಗಳು ಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹೃದ್ರೋಗಿಗೆ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತು ಬೇರೆ. ಅದು ರಕ್ತ ಹೆಪ್ಪುಗಟ್ಟದಿರಲೆಂದು. ಅದನ್ನು ತಾನಾಗಿಯೇ ನಿಲ್ಲಿಸುವುದೂ ತಪ್ಪು.

ನಂಬಿಕೆ: ತಡೆದುಕೊಂಡರೆ ಒಳ್ಳೆಯದು, ಔಷಧದ ಚಟ ಹತ್ತುತ್ತದೆ.

ಸತ್ಯ: ನೋವಿಗೆ ಹೆದರಿದವನು ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಬರಲು ಅಷ್ಟು ಸಾಕು. ವೈದ್ಯರ ನಿಗಾದಲ್ಲಿ ಕೆಲವೇ ದಿನ ಕೊಡುವ ಔಷಧದಿಂದ ಚಟ ಹತ್ತುವುದು ಅಪರೂಪ.

ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿ ನುಂಗುವ ಎಲ್ಲ ಗುಳಿಗೆಗಳ ಪಟ್ಟಿಯನ್ನು, ಚೀಟಿಯಿಲ್ಲದೆ ಕೊಂಡವನ್ನೂ ಸೇರಿಸಿ, ಅರಿವಳಿಕೆ ವೈದ್ಯರಿಗೆ ತೋರಿಸಬೇಕು.